ಆಂಪ್ಲಿಫೈಯರಿಗೆ ಮುಪ್ಪು ಬಂದಾಗ

ಕುಮಾರಸ್ವಾಮಿ ಲೇಔಟಿನ ಇಳಿಜಾರು ಬೀದಿಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ಉರುಳಿ ನಾಲ್ಕಂತಸ್ತಿನ ಕಟ್ಟಡಗಳು ಏಳುತ್ತಿವೆ. ಮನೆ ಕೆಡವುವ ಮುನ್ನ ಅಟ್ಟವನ್ನು ಬರಿದು ಮಾಡಲೇಬೇಕಲ್ಲ! ಹಿತ್ತಾಳೆಯ ಕೊಳಗ, ದಸರೆ ಗೊಂಬೆಯ ಮೆಟ್ಟಿಲ ಹಲಗೆ, ಮೂರು ತಲೆಮಾರಿನ ಮಕ್ಕಳನ್ನು ತೂಗಿದ ತೊಟ್ಟಿಲು ಇವೆಲ್ಲ ಇಳಿದ ಮೇಲೆ, ಕಟ್ಟಕಡೆಗೆ, ಹಳೆಯ ಮೇಜುವಸ್ತ್ರವನ್ನು ಹೊದ್ದ ಭಾರವಾದ ಪೆಟ್ಟಿಗೆಯೊಂದು ಕೆಳಗೆ ಬರುತ್ತದೆ. ಅದು ಅಜ್ಜನ ಆಂಪ್ಲಿಫೈಯರು. ಫಿಲಿಪ್ಸ್ ಇದ್ದೀತು, ಎಚ್.ಎಂ.ವಿ. ಇದ್ದೀತು, ಎಪ್ಪತ್ತು ಎಂಬತ್ತರ ದಶಕದಲ್ಲಿ ಕೊಂಡದ್ದಾದರೆ ಕಲ್ಕತ್ತೆಯ ಸೋನೋಡೈನೋ ಮುಂಬಯಿಯ ಕಾಸ್ಮಿಕ್ಕೋ ಇದ್ದೀತು. ಜಾಲಹಳ್ಳಿಯ ಬಿ.ಇ.ಎಲ್.ನಲ್ಲಿಯೋ ದೂರವಾಣಿನಗರದ ಐ.ಟಿ.ಐ.ನಲ್ಲಿಯೋ ದುಡಿದು, ನಿವೃತ್ತಿಯ ಹಣದಲ್ಲಿ ನಗರದ ದಕ್ಷಿಣಕ್ಕೆ ಬಂದು ಮನೆ ಕಟ್ಟಿಕೊಂಡ ಗೃಹಸ್ಥರದಾದರೆ, ಅವರು ತಮ್ಮ ಕೈಯಾರೆ ಬೆಸುಗೆ ಹಾಕಿ ಕಟ್ಟಿದುದೇ ಇದ್ದೀತು.

ಪೆಟ್ಟಿಗೆಯ ಧೂಳು ಒರೆಸಿದ ಕೂಡಲೇ ಮನೆಯ ಹುಡುಗರಿಗೆ ತೋಚುವ ಮಾತು ಒಂದೇ: “ಪ್ಲಗ್ ಹಾಕಿ ನೋಡೋಣ.” ಇಪ್ಪತ್ತು ಮೂವತ್ತು ವರ್ಷ ಮಲಗಿದ್ದ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿಲ್ಲ. ಕೆಲವು ಪೆಟ್ಟಿಗೆಗಳು ಒಂದು ಗಳಿಗೆ ಗುಂಯ್‌ಗುಟ್ಟಿ, ಪಲ್ಲವಿಯ ಅರ್ಧವನ್ನು ಹಾಡಿಯೂ ಬಿಡುತ್ತವೆ. ಆಮೇಲೆ ಫಟ್ಟೆಂದು ಒಂದು ಸದ್ದು, ಮೀನಿನ ವಾಸನೆಯಂತಹ ಕಮಟು, ಒಂದೆಳೆ ಹೊಗೆ. ಒಳಗಿನ ಟ್ರಾನ್ಸ್‌ಫಾರ್ಮರೂ ಸುಟ್ಟಿತೆಂದರೆ ಕಥೆ ಮುಗಿದಂತೆಯೇ. ಅದಕ್ಕೆ ಹೊಂದುವ ಇನ್ನೊಂದು ಈಗ ದುರ್ಲಭ. ಮರುದಿನ ಪೆಟ್ಟಿಗೆ ಗುಜರಿಯವನ ತಕ್ಕಡಿ ಏರಿ, ಒಳಗಿನ ತಾಮ್ರದ ತೂಕಕ್ಕೆ ಬಿಕರಿಯಾಗುತ್ತದೆ. ಕೆಲವು ನೂರು ರೂಪಾಯಿ ಬೆಲೆಯ ಎರಡು ಮೂರು ಬಿಡಿಭಾಗಗಳನ್ನು ಮೊದಲೇ ಬದಲಾಯಿಸಿದ್ದರೆ ಅದು ಇನ್ನೊಂದು ತಲೆಮಾರಿಗೆ ಹಾಡುತ್ತಿತ್ತೆಂಬುದು ಆ ಮನೆಯವರಿಗೆ ಹೊಳೆಯುವುದೇ ಇಲ್ಲ.

ಆ ಬಿಡಿಭಾಗವನ್ನು ಪಠ್ಯಪುಸ್ತಕಗಳು ಧಾರಕ ಎನ್ನುತ್ತವೆ, ಅಂಗಡಿಯವರು ಕೆಪಾಸಿಟರ್ ಎನ್ನುತ್ತಾರೆ. ಹಳೆಯ ರಿಪೇರಿಯವರ ಬಾಯಲ್ಲಿ ಇಂದಿಗೂ ಅದು ಕಂಡೆನ್ಸರೇ. ಫ್ಯಾನು ನಿಧಾನವಾದಾಗ ಬದಲಾಯಿಸುವ ಕಂಡೆನ್ಸರನ್ನು ನೋಡದ ಮನೆಯಿಲ್ಲ. ಆಂಪ್ಲಿಫೈಯರಿನಲ್ಲಿರುವುದು ಅದರ ದಾಯಾದಿ. ಕುಲ ಒಂದೇ ಆದರೂ ಗುಣ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲಾಗದು.

ಅದರ ಕೆಲಸವೇನೆಂಬುದು ಬೆಂಗಳೂರಿನವರಿಗೆ ಸುಲಭವಾಗಿ ಅರ್ಥವಾಗುವಂಥದು. ಬೀದಿಯ ಕೊಳವೆಯಲ್ಲಿ ಕಾವೇರಿ ನೀರು ಇಪ್ಪತ್ತನಾಲ್ಕು ಗಂಟೆಯೂ ಹರಿಯುವುದಿಲ್ಲ. ಬಂದಾಗ ರಭಸದಿಂದ ಬಂದು ಸಂಪು ತುಂಬುತ್ತದೆ, ಅಲ್ಲಿಂದ ಮಾಳಿಗೆಯ ಟ್ಯಾಂಕಿಗೆ ಏರುತ್ತದೆ. ಅಡುಗೆಮನೆಯ ನಲ್ಲಿಯ ಮುಂದೆ ನಿಂತವರಿಗೆ ಮಾತ್ರ ಈ ಬರುವಿಕೆ ಹೋಗುವಿಕೆಗಳ ಗೊಡವೆಯಿಲ್ಲ. ತಿರುಗಿಸಿದಾಗಲೆಲ್ಲ ಒಂದೇ ಸಮನೆ ನೀರು. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟಿನ ವಿದ್ಯುತ್ತಿನ ಸ್ವಭಾವವೂ ಇಂಥದೇ. ಅದು ಸೆಕೆಂಡಿಗೆ 50 ಬಾರಿ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಟ್ರಾನ್ಸ್‌ಫಾರ್ಮರು ಅದನ್ನು ಬೇಕಾದ ಮಟ್ಟಕ್ಕೆ ತಂದ ಮೇಲೆ ರೆಕ್ಟಿಫೈಯರೆಂಬ ಭಾಗ ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಆದರೂ ಅದು ಧಾರೆಯಾಗಿ ಹರಿಯದು. ಸೆಕೆಂಡಿಗೆ 100 ಉಬ್ಬುಗಳಾಗಿ ಬಡಿಯುತ್ತದೆ. ಒಂದು ಉಬ್ಬಿಗೂ ಮುಂದಿನದಕ್ಕೂ ನಡುವಿನ ತಗ್ಗಿನಲ್ಲಿ ಯಂತ್ರ ಉಪವಾಸ ಬೀಳಬಾರದಲ್ಲವೆ? ಉಬ್ಬಿನಲ್ಲಿ ತುಂಬಿಕೊಂಡು ತಗ್ಗಿನಲ್ಲಿ ಉಣಿಸುವ ಟ್ಯಾಂಕೇ ಈ ಕಂಡೆನ್ಸರು.

ಟ್ಯಾಂಕು ಚಿಕ್ಕದಾದಷ್ಟೂ ನಲ್ಲಿ ಉಗುಳತೊಡಗುತ್ತದೆ. ಲೆಕ್ಕ ಬೇಕಾದವರಿಗೆ ಲೆಕ್ಕವೂ ಉಂಟು. 4700 ಮೈಕ್ರೋಫ್ಯಾರಡಿನ ಕಂಡೆನ್ಸರಿನಿಂದ ಒಂದು ಆಂಪಿಯರ್ ಸೆಳೆದರೆ, ಎರಡು ಉಬ್ಬುಗಳ ನಡುವೆ ವೋಲ್ಟೇಜು ಸುಮಾರು ಎರಡರಷ್ಟು ಇಳಿಯುತ್ತದೆ. ಮುಪ್ಪಿನಿಂದ ಆ ಧಾರಣಶಕ್ತಿ ಅರ್ಧಕ್ಕೆ ಕುಗ್ಗಿದರೆ ಇಳಿತ ನಾಲ್ಕು ವೋಲ್ಟನ್ನು ದಾಟುತ್ತದೆ. ಆ ಏರಿಳಿತವೇ ಸ್ಪೀಕರಿನಲ್ಲಿ ಗುಂಯ್‌ಕಾರವಾಗಿ ಕೇಳಿಬರುವುದು.

ಎಲ್ಲ ಗುಂಯ್‌ಕಾರಕ್ಕೂ ಕಂಡೆನ್ಸರೇ ಕಾರಣವೆಂದು ತೀರ್ಮಾನಿಸಿ ಬೆಸುಗೆಯ ಕಡ್ಡಿಯನ್ನು ಕೈಗೆತ್ತಿಕೊಳ್ಳುವುದು ಮಾತ್ರ ಅವಸರವಾದೀತು. ಇಲ್ಲಿ ಕಿವಿಯೇ ಮೊದಲ ಪರೀಕ್ಷಕ. ಟೇಪು, ರೆಕಾರ್ಡು ಪ್ಲೇಯರುಗಳ ತಂತಿ ಸರಿಯಾಗಿ ಕೂರದಿದ್ದಾಗ, ನೆಲತಂತಿಯ ಜೋಡಣೆಯಲ್ಲಿ ದೋಷವಿದ್ದಾಗ ಹುಟ್ಟುವ ಸದ್ದು ಸಾಮಾನ್ಯವಾಗಿ 50ರ ಕಂಪನದ್ದು. ಹೊಟ್ಟೆಯಾಳದಿಂದ ಬಂದಂತೆ ಮಂದ್ರವಾಗಿರುತ್ತದೆ. ಕಂಡೆನ್ಸರು ಒಣಗಿದಾಗ ಬರುವುದು ಅದಕ್ಕಿಂತ ಒಂದು ಸ್ಥಾಯಿ ಮೇಲಿನ, 100ರ ಕಂಪನದ, ತುಸು ಒರಟಾದ ಸದ್ದು. ರಾಮನವಮಿಯ ದಿನಗಳಲ್ಲಿ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸುತ್ತ ಬಂದ ಸಂಗೀತೋತ್ಸವಕ್ಕೆ ಹೋಗಿ ಕುಳಿತು ಕಿವಿ ಪಳಗಿಸಿಕೊಂಡವರಿಗೆ ಒಂದು ಸ್ಥಾಯಿಯ ಅಂತರವನ್ನು ಗುರುತಿಸುವುದು ಕಷ್ಟವಲ್ಲ. ಇನ್ನೊಂದು ಪರೀಕ್ಷೆಯೂ ಇದೆ. ಧ್ವನಿಯ ತಿರುಗಣೆಯನ್ನು ಸೊನ್ನೆಗೆ ತಿರುಗಿಸಿದಾಗ ಸದ್ದು ಅಡಗಿದರೆ ದೋಷ ಹೊರಗಿನ ತಂತಿಗಳಲ್ಲಿರುವ ಸಂಭವವೇ ಹೆಚ್ಚು. ಆಗಲೂ ಅಡಗದಿದ್ದರೆ ಟ್ಯಾಂಕಿನ ಮೇಲೆ ಅನುಮಾನ ಪಡಬೇಕು.

ಈ ಪುಟ್ಟ ಡಬ್ಬಿಯ ಒಳಗೆ ಇರುವುದೇನು? ಅಲ್ಯೂಮಿನಿಯಮ್ಮಿನ ಎರಡು ತೆಳು ಹಾಳೆಗಳು, ಅವುಗಳ ನಡುವೆ ವಿದ್ಯುತ್ತು ಹಾಯಬಲ್ಲ ದ್ರವದಲ್ಲಿ ನೆನೆಸಿದ ಕಾಗದ. ಮೂರನ್ನೂ ಚಾಪೆಯಂತೆ ಸುತ್ತಿ ಡಬ್ಬಿಗೆ ತುಂಬಿ, ಬಾಯಿಗೆ ರಬ್ಬರಿನ ಬಿರಡೆ ಬಿಗಿದಿರುತ್ತಾರೆ. ಜೀವಾಳವಿರುವುದು ಒಂದು ಹಾಳೆಯ ಮೇಲೆ ಬೆಳೆಸಿದ ಆಕ್ಸೈಡಿನ ಪೊರೆಯಲ್ಲಿ. ಅದರ ದಪ್ಪವಾದರೂ ಎಷ್ಟು? 450 ವೋಲ್ಟನ್ನು ತಡೆಯುವ ಪೊರೆ ಅರ್ಧ ಮೈಕ್ರಾನಿಗಿಂತ ಸ್ವಲ್ಪವೇ ಹೆಚ್ಚು; ತಲೆಗೂದಲನ್ನು ನೂರು ಸೀಳು ಸೀಳಿದರೆ ಒಂದು ಸೀಳಿನಷ್ಟು! ಪೊರೆ ಇಷ್ಟು ತೆಳುವಾದುದರಿಂದಲೇ ಇಷ್ಟು ಚಿಕ್ಕ ಡಬ್ಬಿಯಲ್ಲಿ ಅಷ್ಟೊಂದು ವಿದ್ಯುತ್ತು ಅಡಗುವುದು ಸಾಧ್ಯವಾಗಿದೆ. ಅಲ್ಯೂಮಿನಿಯಮ್ಮಿನ ಈ ಗುಣವನ್ನು ಬಳಸಿಕೊಂಡು ಚಾರ್ಲ್ಸ್ ಪೊಲ್ಲಾಕ್ ಎಂಬಾತ 1896ರಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿದ್ದ. ಆಗಿನದು ದ್ರವ ತುಂಬಿದ ಜಾಡಿ; ಹೊತ್ತು ತಿರುಗುವಂಥದಲ್ಲ. ನೆನೆದ ಕಾಗದದ ಸುರುಳಿಯ ರೂಪ ಬಂದುದು 1920ರ ದಶಕದಲ್ಲಿ. ರೇಡಿಯೋ ಮನೆಮನೆಗೆ ನುಗ್ಗಿದುದೂ ಅದರ ಬೆನ್ನಿಗೇ.

ಅಂದರೆ ಈ ಕಂಡೆನ್ಸರು ಒದ್ದೆಯ ವಸ್ತು. ಯಂತ್ರದ ಉಳಿದ ಭಾಗಗಳೆಲ್ಲ ಲೋಹ, ಗಾಜು, ಪಿಂಗಾಣಿ. ಅವು ಐವತ್ತು ವರ್ಷವನ್ನು ಲೆಕ್ಕಕ್ಕಿಡುವುದಿಲ್ಲ. 1954ರಲ್ಲಿ ಹುಟ್ಟಿದ ಬಿ.ಇ.ಎಲ್. ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತು. ಆ ತಯಾರಿಕೆ ನಿಂತು ಬಹುಕಾಲವಾಯಿತು. ಆದರೆ ಜಾಲಹಳ್ಳಿಯ ಮುದ್ರೆ ಹೊತ್ತ ಇಎಲ್84, ಇಸಿಸಿ83 ವಾಲ್ವುಗಳು ಇಂದಿಗೂ ಸಂಜೆಗೆಂಪಿನ ಬೆಳಕು ಬೀರುತ್ತ ದುಡಿಯುವುದುಂಟು. ಪರದೇಶಗಳಲ್ಲಿಯೂ ಅವನ್ನು ಹುಡುಕಿ ಕೊಳ್ಳುವ ರಸಿಕರಿದ್ದಾರೆ. ಗಾಜಿನ ವಾಲ್ವು ನಾಜೂಕು, ಲೋಹದ ಡಬ್ಬಿಯ ಕಂಡೆನ್ಸರು ಗಟ್ಟಿ ಎಂದು ಕಣ್ಣು ಹೇಳುತ್ತದೆ. ಕಾಲ ಹೇಳುವುದು ಇದರ ತಲೆಕೆಳಗು.

ಕಂಡೆನ್ಸರಿಗೆ ಮುಪ್ಪು ಎರಡು ದಾರಿಗಳಿಂದ ಬರುತ್ತದೆ. ಒಂದು, ಕಾವು. ರಬ್ಬರಿನ ಬಿರಡೆ ಎಷ್ಟೇ ಬಿಗಿಯಿದ್ದರೂ ದ್ರವದ ಆವಿ ವರ್ಷಗಟ್ಟಲೆ ಕಣ್ಣಿಗೆ ಕಾಣದಂತೆ ನುಸುಳುತ್ತಲೇ ಇರುತ್ತದೆ. ಡಬ್ಬಿಯ ಮೇಲೆ 85 ಡಿಗ್ರಿ ಎಂದು ಮುದ್ರಿಸಿದ ಸಾಧಾರಣ ಕಂಡೆನ್ಸರಿಗೆ ಆ ಕಾವಿನಲ್ಲಿ 2000 ಗಂಟೆಯ ಆಯುಸ್ಸೆಂದು ಇಟ್ಟುಕೊಂಡರೆ, ಕಾವು ಹತ್ತು ಡಿಗ್ರಿ ಇಳಿದಾಗಲೆಲ್ಲ ಆಯುಸ್ಸು ಇಮ್ಮಡಿಯಾಗುತ್ತದೆಂಬುದು ಇಂಜಿನಿಯರುಗಳ ಸ್ಥೂಲ ಲೆಕ್ಕ. 45 ಡಿಗ್ರಿಯಲ್ಲಿ ಅದು 32,000 ಗಂಟೆಯಾಯಿತು. ದಿನಕ್ಕೆ ಮೂರು ಗಂಟೆ ಹಾಡು ಕೇಳುವ ಮನೆಯಲ್ಲಿ ಸುಮಾರು 29 ವರ್ಷ. ಈ ದೃಷ್ಟಿಯಿಂದ ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರಿನಷ್ಟು ಎತ್ತರದ ಬೆಂಗಳೂರು ಕಂಡೆನ್ಸರುಗಳ ಪುಣ್ಯಕ್ಷೇತ್ರವೇ ಸರಿ. ಆದರೆ ಪುಣ್ಯಕ್ಷೇತ್ರದಲ್ಲಿಯೂ ಸುಡುವ ಕಲ್ಲಿನ ಮೇಲೆ ಕೂರಿಸಿದರೆ ಏನು ಬಂತು? ಕಾಂಕ್ರೀಟು ತಾರಸಿಯ ಕೆಳಗಿನ ಅಟ್ಟ ಏಪ್ರಿಲ್ ತಿಂಗಳಿನಲ್ಲಿ ಮನೆಯಲ್ಲೆಲ್ಲ ಅತಿ ಬಿಸಿಯಾದ ಜಾಗ. ಬೇಡವಾದುದನ್ನೂ ತುಂಬ ಬೇಕಾದುದನ್ನೂ ಜನ ಅಲ್ಲಿಗೇ ಏರಿಸುತ್ತಾರೆ.

ಎರಡನೆಯ ದಾರಿ ಇದಕ್ಕಿಂತ ವಿಚಿತ್ರ. ಆಕ್ಸೈಡಿನ ಪೊರೆ ಒಮ್ಮೆ ಬೆಳೆದರೆ ಹಾಗೆಯೇ ಉಳಿಯುವಂಥದಲ್ಲ. ದ್ರವದ ಸಹವಾಸದಲ್ಲಿ ಅದು ಅಲ್ಲಲ್ಲಿ ಸವೆಯುತ್ತದೆ. ಯಂತ್ರ ನಡೆಯುತ್ತಿದ್ದರೆ, ಅದರ ಮೇಲೆ ಬೀಳುವ ವೋಲ್ಟೇಜೇ ಆ ಸವಕಳಿಯನ್ನು ಮತ್ತೆ ಬೆಸೆಯುತ್ತ ಹೋಗುತ್ತದೆ: ದ್ರವದಲ್ಲಿರುವ ಆಮ್ಲಜನಕವನ್ನು ಸೆಳೆದುಕೊಂಡು ಅಲ್ಯೂಮಿನಿಯಮ್ಮು ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಯಂತ್ರವನ್ನು ನಿಲ್ಲಿಸಿಟ್ಟರೆ ಮುಚ್ಚುವವರಿಲ್ಲದೆ ಗಾಯಗಳು ಹಾಗೆಯೇ ಉಳಿಯುತ್ತವೆ. ಹಲವು ವರ್ಷಗಳ ನಂತರ ಒಮ್ಮೆಲೇ ಪೂರ್ತಿ ವೋಲ್ಟೇಜು ಬಿದ್ದಾಗ ಆ ಗಾಯಗಳ ಮೂಲಕ ವಿದ್ಯುತ್ತು ಸೋರಿ, ಸೋರಿಕೆಯಿಂದ ಕಾವೇರಿ, ಕಾವಿನಿಂದ ಸೋರಿಕೆ ಇನ್ನೂ ಹೆಚ್ಚಿ, ಡಬ್ಬಿ ಸಿಡಿಯುತ್ತದೆ. ಪ್ಲಗ್ ಹಾಕಿ ನೋಡುವ ಕುತೂಹಲಕ್ಕೆ ಸಿಗುವ ಆ ಫಟ್ಟೆಂಬ ಉತ್ತರ ಇದೇ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಟ್ಟದಿಂದ ಇಳಿದ ಪೆಟ್ಟಿಗೆಯನ್ನು ನೋಡಲು ಹಳೆಯ ರಿಪೇರಿಯವನೊಬ್ಬ ಬಂದಿದ್ದಾನೆ. ಮನೆಯ ಹಿರಿಯಾಕೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ.

“ಇದಕ್ಕೆ ಕರೆಂಟು ಕೊಟ್ಟಿದ್ದೀರೇನಮ್ಮಾ?”

“ಇಲ್ಲಪ್ಪ. ಮೊಮ್ಮಗ ಹಾಕ್ತೀನಿ ಅಂದ, ನಾನೇ ಬೇಡ ಅಂದೆ. ಅವರು ಹೋದಮೇಲೆ ಯಾರೂ ಮುಟ್ಟಿಲ್ಲ. ಮೊದಲು ಶುಕ್ರವಾರ ಶುಕ್ರವಾರ ಒರೆಸಿ ಬಟ್ಟೆ ಮುಚ್ಚುತ್ತಿದ್ದೆ. ಆಮೇಲೆ ಕೈಲಾಗದೆ ಮೇಲಕ್ಕೆ ಹಾಕಿಸಿದೆ. ಒಂದು ದಿನವೂ ಹಾಳಾಗೋದಕ್ಕೆ ಬಿಟ್ಟಿಲ್ಲ ನೋಡು.”

ಆತ ಮುಚ್ಚಳದ ತಿರುಪು ಬಿಚ್ಚುತ್ತ ತುಸು ಹೊತ್ತು ಸುಮ್ಮನಿದ್ದು ಹೇಳುತ್ತಾನೆ: “ಒರೆಸಿದ್ದು ಒಳ್ಳೇದಾಯಿತಮ್ಮಾ. ವಾರಕ್ಕೊಂದು ಸಲ ಹಾಡಿಸಿದ್ದರೆ ಇನ್ನೂ ಒಳ್ಳೇದಾಗುತ್ತಿತ್ತು.”

“ಅವರಿಲ್ಲದೆ ಅದನ್ನು ಹಾಕೋದಕ್ಕೆ ಮನಸ್ಸು ಬರಲಿಲ್ಲ ಕಣಪ್ಪ.”

ಇದಕ್ಕೆ ಆತ ಏನೂ ಉತ್ತರ ಹೇಳಲಾರ. ಹೇಳಬೇಕಾದುದೂ ಇಲ್ಲ. ದೇವರಮನೆಯ ವಿಗ್ರಹದಂತೆ ಕಾಪಾಡಿದ ವಸ್ತುವಿನ ಒಳಗೆ, ಆ ಕಾಪಾಡುವಿಕೆಯಿಂದಲೇ ಒಂದು ಭಾಗ ನಶಿಸುತ್ತ ಹೋದುದು ಆ ತಾಯಿಯ ತಪ್ಪಲ್ಲ.

ಇಂಥ ಯಂತ್ರವನ್ನು ಎಬ್ಬಿಸುವುದಕ್ಕೆ ರಿಪೇರಿಯವರ ಬಳಿ ಬಹಳ ಸರಳವಾದ ಸಾಧನವೊಂದಿದೆ. ಅದಕ್ಕೆ ಸೀರೀಸ್ ಬೋರ್ಡ್ ಎಂದು ಹೆಸರು. ಮರದ ಹಲಗೆಯೊಂದರ ಮೇಲೆ ಒಂದು ಪ್ಲಗ್ಗು, ಒಂದು ಹೋಲ್ಡರು. ಹೋಲ್ಡರಿನಲ್ಲಿ 60 ಅಥವಾ 100 ವಾಟಿನ ಹಳೆಯ ಕಾಲದ ತಂತಿಯ ಬಲ್ಬು. ಎಲ್.ಇ.ಡಿ. ದೀಪ ಇದಕ್ಕೆ ನಡೆಯದು. ವಿದ್ಯುತ್ತು ಮೊದಲು ಬಲ್ಬನ್ನು ಹಾದು ಆಮೇಲೆ ಯಂತ್ರಕ್ಕೆ ಹೋಗುತ್ತದೆ. ಒಳಗೆ ದೊಡ್ಡ ದೋಷವಿದ್ದರೆ ಬಲ್ಬು ಜಗ್ಗನೆ ಹೊತ್ತಿ ಹಾಗೆಯೇ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದೆಂದು ಅರ್ಥ. ವಾಲ್ವಿನ ರೆಕ್ಟಿಫೈಯರು ಇರುವ ಯಂತ್ರದಲ್ಲಿ ಮಾತ್ರ ಈ ಉಪಾಯವೊಂದೇ ಸಾಲದು, ಏಕೆಂದರೆ ಆ ವಾಲ್ವು ಕಾಯುವವರೆಗೂ ಕಂಡೆನ್ಸರಿಗೆ ವಿದ್ಯುತ್ತು ತಲಪುವುದೇ ಇಲ್ಲ. ತಿಳಿದವರು ಅಂಥ ಕಂಡೆನ್ಸರನ್ನು ಬಿಚ್ಚಿ, ದೊಡ್ಡ ರೆಸಿಸ್ಟರಿನ ಮೂಲಕ ಗಂಟೆಗಟ್ಟಲೆ ಸ್ವಲ್ಪಸ್ವಲ್ಪವಾಗಿ ವೋಲ್ಟೇಜು ಏರಿಸಿ, ಪೊರೆಯನ್ನು ಮತ್ತೆ ಬೆಳೆಸುವುದುಂಟು. ಹಸಿದವನಿಗೆ ಮೊದಲು ಗಂಜಿ ಕೊಡುವ ಕ್ರಮ ಇದು. ಆದರೆ ಇದರಿಂದ ಪೊರೆ ಕೂಡಿಕೊಂಡೀತೇ ಹೊರತು ಆರಿಹೋದ ದ್ರವ ಮರಳಿ ಬಾರದು. ಮೂವತ್ತು ವರ್ಷ ದಾಟಿದ ಕಂಡೆನ್ಸರಿಗೆ ಗಂಜಿಗಿಂತ ನಿವೃತ್ತಿಯೇ ಯೋಗ್ಯ.

ಇನ್ನು ಒಂದು ಎಚ್ಚರಿಕೆಯನ್ನು ದಪ್ಪಕ್ಷರಗಳಲ್ಲಿ ಬರೆದರೂ ಸಾಲದು. ಪ್ಲಗ್ಗು ಕಿತ್ತ ಮಾತ್ರಕ್ಕೆ ಆಂಪ್ಲಿಫೈಯರು ನಿರ್ವಿಷವಾಗುವುದಿಲ್ಲ. ಟ್ಯಾಂಕಿನಲ್ಲಿ ನೀರು ಉಳಿಯುವಂತೆ ಕಂಡೆನ್ಸರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ವಾಲ್ವಿನ ಯಂತ್ರಗಳಲ್ಲಿ ಅದು 250ರಿಂದ 350 ವೋಲ್ಟಿನವರೆಗೂ ಇರಬಹುದು. ಮನುಷ್ಯನ ಎದೆಬಡಿತವನ್ನು ಕೆಡಿಸಲು ಅಷ್ಟು ಸಾಕು. ಸ್ಕ್ರೂಡ್ರೈವರಿನಿಂದ ಎರಡು ಕಾಲುಗಳನ್ನು ತಾಗಿಸಿ ಕಿಡಿ ಹಾರಿಸುವ ಅಭ್ಯಾಸ ಕೆಲವರಿಗಿದೆ. ಶೌರ್ಯವನ್ನು ತೋರಿಸಲು ಬೇರೆ ಸ್ಥಳಗಳಿವೆ. ಹತ್ತು ಕಿಲೋ ಓಮಿನ, ಹತ್ತು ವಾಟಿನ ರೆಸಿಸ್ಟರಿಗೆ ಒಳ್ಳೆಯ ಹೊದಿಕೆಯ ತಂತಿ ಕಟ್ಟಿಕೊಂಡು ಕೆಲವು ಸೆಕೆಂಡು ಹಿಡಿದರೆ ವಾಲ್ವಿನ ಯಂತ್ರದ ಕಂಡೆನ್ಸರು ಸದ್ದಿಲ್ಲದೆ ಬರಿದಾಗುತ್ತದೆ. ಟ್ರಾನ್ಸಿಸ್ಟರಿನ ಯಂತ್ರದ ದೊಡ್ಡ ಡಬ್ಬಿಗಳಿಗೆ ನೂರು ಓಮಿನದು ತಕ್ಕುದು. ಬಳಿಕ ಮೀಟರಿನಿಂದ ಅಳೆಯಬೇಕು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಬೇಕು. ಬರಿದಾದ ಕಂಡೆನ್ಸರಿನಲ್ಲಿ ಒಳಗೆ ಅಡಗಿದ್ದ ಸ್ವಲ್ಪ ವಿದ್ಯುತ್ತು ಮತ್ತೆ ಮೇಲಕ್ಕೆ ಬರುವುದುಂಟು. ಅಳೆಯುವಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವುದು ಹಳೆಯ ರೇಡಿಯೋ ಮೆಕ್ಯಾನಿಕ್ಕುಗಳ ಪದ್ಧತಿ. ಒಂದು ಕೈಯಿಂದ ಇನ್ನೊಂದು ಕೈಗೆ ಹಾಯುವ ವಿದ್ಯುತ್ತು ಹೃದಯದ ಮೇಲೆಯೇ ಹಾದುಹೋಗುತ್ತದೆಂಬುದು ಅದರ ತಾತ್ಪರ್ಯ. ಇಷ್ಟನ್ನು ಓದಿ ಅಳುಕು ಹುಟ್ಟಿದವರು ಪೆಟ್ಟಿಗೆಯನ್ನು ತಿಳಿದವರ ಕೈಗೆ ಕೊಡುವುದೇ ಕ್ಷೇಮ; ಅಳುಕು ಇಲ್ಲಿ ವಿವೇಕದ ಲಕ್ಷಣ.

ಸಾಮಾನು ಕೊಳ್ಳಲು ಕುಮಾರಸ್ವಾಮಿ ಲೇಔಟಿನವರಿಗೆ ಈಗ ದಾರಿ ಸುಗಮವಾಗಿದೆ. 2017ರಲ್ಲಿ ಯಲಚೇನಹಳ್ಳಿಯವರೆಗೆ ಬಂದ ಮೆಟ್ರೋ ರೈಲು ಹತ್ತಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ ಸಾದರ ಪತ್ರಪ್ಪನವರ ರಸ್ತೆ, ಅಂದರೆ ಎಲ್ಲರ ಬಾಯಲ್ಲಿನ ಎಸ್.ಪಿ. ರೋಡು, ಕಾಲ್ನಡಿಗೆಯ ದೂರ. 1905ರ ಆಗಸ್ಟಿನಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂದಾಗ ಮೊದಲು ಬೆಳಗಿದುದು ಈ ಮಾರುಕಟ್ಟೆಯ ಆಸುಪಾಸಿನಲ್ಲಿಯೇ. ಈಗ ಅಲ್ಲಿ ವಿದ್ಯುತ್ತಿನ ಸಕಲ ಸಂತಾನವೂ ಬಿಕರಿಗಿದೆ. ಹೊಸಬರಿಗೆ ಅಲ್ಲಿ ಎದುರಾಗುವ ಮೊದಲ ತೊಡಕು ಹೀಗಿರುತ್ತದೆ:

“ಐವತ್ತು ಮೈಕ್ರೋಫ್ಯಾರಡ್, ಮುನ್ನೂರೈವತ್ತು ವೋಲ್ಟು ಇದೆಯೇನ್ರೀ?”

“ಐವತ್ತು ಈಗ ಬರೋದಿಲ್ಲ ಸಾರ್. ನಲವತ್ತೇಳು ತಗೊಳ್ಳಿ, ನಾನೂರೈವತ್ತು ವೋಲ್ಟಿಂದು.”

ಗಿರಾಕಿ ಅನುಮಾನದಿಂದ ನೋಡುತ್ತಾರೆ. ಅನುಮಾನ ಬೇಡ. ಹಳೆಯ ಕಂಡೆನ್ಸರುಗಳ ಮೇಲೆ ಬರೆದ ಅಂಕಿಗೂ ನಿಜವಾದ ಅಳತೆಗೂ ಇಪ್ಪತ್ತು ಭಾಗ ಕಡಮೆ, ಐವತ್ತು ಭಾಗ ಹೆಚ್ಚು ಎನ್ನುವಷ್ಟು ಅಂತರವನ್ನು ತಯಾರಕರೇ ಒಪ್ಪಿಕೊಂಡಿದ್ದರು. ಮೂರರ ವ್ಯತ್ಯಾಸ ಅಲ್ಲಿ ಯಾವ ಲೆಕ್ಕ? ವೋಲ್ಟಿನ ಅಂಕಿ ಹಳೆಯದಕ್ಕಿಂತ ಹೆಚ್ಚಿದ್ದರೆ ಬಾಧಕವಿಲ್ಲ, ಕಡಮೆ ಮಾತ್ರ ಇರಕೂಡದು. 85 ಡಿಗ್ರಿಯದರ ಬದಲು 105 ಡಿಗ್ರಿಯದು ದೊರೆತರೆ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಬೇಕು. ಹೊಸ ಡಬ್ಬಿ ಹಳೆಯದರ ಅರ್ಧದಷ್ಟೂ ಇರುವುದಿಲ್ಲ. ಹಾಳೆಯ ಮೇಲ್ಮೈಯನ್ನು ಸೂಕ್ಷ್ಮವಾಗಿ ಕೊರೆದು ಹರಹನ್ನು ಹಿಗ್ಗಿಸುವ ವಿದ್ಯೆ ಅಷ್ಟು ಮುಂದುವರಿದಿದೆ. ಹಾಗೆಂದು ಗಾತ್ರವೇ ಪ್ರಮಾಣವೂ ಅಲ್ಲ. ದೊಡ್ಡ ಡಬ್ಬಿಯೊಳಗೆ ಚಿಕ್ಕ ಕಂಡೆನ್ಸರನ್ನು ಕೂರಿಸಿ ಮಾರುವ ನಕಲಿಗಳು ಲೋಕದ ನಾನಾ ಮಾರುಕಟ್ಟೆಗಳಲ್ಲಿ ಸಿಕ್ಕಿಬಿದ್ದಿವೆ; ಅಂಗೈಯಲ್ಲಿಟ್ಟು ತೂಗಿ ನೋಡುವುದು, ಮೀಟರಿಗೆ ಹಚ್ಚಿ ಅಳೆಸುವುದು ಅವಮಾನದ ಮಾತೇನೂ ಅಲ್ಲ.

ದೊಡ್ಡ ಟ್ಯಾಂಕಾದಷ್ಟೂ ಒಳ್ಳೆಯದೆಂಬ ತರ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಐವತ್ತಿದ್ದಲ್ಲಿ ಇನ್ನೂರಿಪ್ಪತ್ತು ಹಾಕಿದರೆ ಗುಂಯ್‌ಕಾರ ಇಲ್ಲವೇ ಇಲ್ಲವಾದೀತಲ್ಲ ಎಂದು ಉತ್ಸಾಹಿಗಳು ಯೋಚಿಸುತ್ತಾರೆ. ಬರಿದಾದ ದೊಡ್ಡ ಟ್ಯಾಂಕು ಸ್ವಿಚ್ಚು ಹಾಕಿದ ಕ್ಷಣದಲ್ಲಿ ವಿದ್ಯುತ್ತನ್ನು ಗಟಗಟನೆ ಕುಡಿಯುತ್ತದೆ. ಆ ಸೆಳೆತವನ್ನು ರೆಕ್ಟಿಫೈಯರು ತಡೆದುಕೊಳ್ಳಬೇಕು. ಹಳೆಯ ಆಂಪ್ಲಿಫೈಯರುಗಳಲ್ಲಿ ಕಾಣಸಿಗುವ ಇಝಡ್81 ಎಂಬ ರೆಕ್ಟಿಫೈಯರ್ ವಾಲ್ವಿಗೆ ಅದರ ತಯಾರಕರೇ 50 ಮೈಕ್ರೋಫ್ಯಾರಡಿನ ಮಿತಿ ಹಾಕಿದ್ದರು. ಮಿತಿ ಮೀರಿದರೆ ಜಾಲಹಳ್ಳಿಯ ವಾಲ್ವೋ ಹಾಲೆಂಡಿನ ವಾಲ್ವೋ ಕಣ್ಣೆದುರೇ ಕಿಡಿಯಾಗಿ ಹೋಗುತ್ತದೆ. ಅಜ್ಜನ ಕಾಲದವರು ಆ ಅಂಕಿಯನ್ನು ಜಿಪುಣತನದಿಂದ ಬರೆದುದಲ್ಲ.

ಬದಲಾಯಿಸುವ ಕೆಲಸ ಹೇಳಲು ಚಿಕ್ಕದು. ಬಿಚ್ಚುವ ಮುನ್ನ ನಾಲ್ಕು ಕಡೆಯಿಂದ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಧನ ಋಣಗಳನ್ನು ಎರಡು ಸಲ ನೋಡಬೇಕು. ತಿರುಗುಮುರುಗಾಗಿ ಕೂರಿಸಿದ ಕಂಡೆನ್ಸರು ನಿಮಿಷಗಳಲ್ಲಿ ಪಟಾಕಿಯಾಗುತ್ತದೆ. ಒಂದೇ ಡಬ್ಬಿಯಲ್ಲಿ ಎರಡು ಮೂರು ಕಂಡೆನ್ಸರುಗಳಿರುವ ಹಳೆಯ ಮಾದರಿ ಈಗ ಸುಲಭವಾಗಿ ಸಿಗುವುದಿಲ್ಲ. ಹೊರನೋಟ ಕೆಡಬಾರದೆನ್ನುವವರು ಹಳೆಯ ಡಬ್ಬಿಯ ಒಡಲನ್ನು ಬರಿದು ಮಾಡಿ ಹೊಸ ಪುಟ್ಟ ಕಂಡೆನ್ಸರುಗಳನ್ನು ಅದರೊಳಗೆ ಅಡಗಿಸುತ್ತಾರೆ. ಉಳಿದವರು ಹಳೆಯದರ ತಂತಿಯನ್ನು ಕತ್ತರಿಸಿ, ಡಬ್ಬಿಯನ್ನು ಅಲಂಕಾರಕ್ಕೆಂದು ಹಾಗೆಯೇ ಬಿಟ್ಟು, ಹೊಸದನ್ನು ಅಡಿಯಲ್ಲಿ ಕೂರಿಸುತ್ತಾರೆ. ಎರಡೂ ಸರಿಯೇ. ಹಳೆಯದನ್ನು ಬಿಚ್ಚದೆ ಹೊಸದನ್ನು ಅದರ ಮಗ್ಗುಲಿಗೆ ಬೆಸೆಯುವುದು ಮಾತ್ರ ಸರಿಯಲ್ಲ. ಸೋರುವ ಟ್ಯಾಂಕಿನ ಪಕ್ಕದಲ್ಲಿ ಇನ್ನೊಂದು ಟ್ಯಾಂಕು ಇಟ್ಟರೆ ಸೋರಿಕೆ ನಿಂತೀತೆ? ಮುಚ್ಚಳ ತೆರೆದಿರುವಾಗಲೇ ಬಟ್ಟೆ ಸುತ್ತಿದ ಹಳೆಯ ವಿದ್ಯುತ್ ತಂತಿಯನ್ನು ತೆಗೆದು ಮೂರು ಎಳೆಯ ತಂತಿ, ನೆಲತಂತಿ ಮತ್ತು ಸರಿಯಾದ ಫ್ಯೂಸುಗಳನ್ನು ಹಾಕಿಸುವುದು ಮನೆಯ ಮಕ್ಕಳ ದೃಷ್ಟಿಯಿಂದ ಅಗತ್ಯ.

ಎಷ್ಟನ್ನು ಬದಲಾಯಿಸಬೇಕೆಂಬ ಬಗ್ಗೆ ರಿಪೇರಿಯವರಲ್ಲಿಯೇ ಎರಡು ಪಂಥಗಳಿವೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಹೊಸದು ಹಾಕುವುದು ಒಂದು ಪಂಥ. ಗುಂಯ್‌ಗುಡುವ ತನಕ ಏನನ್ನೂ ಮುಟ್ಟಕೂಡದೆಂಬುದು ಇನ್ನೊಂದು. ಮೊದಲನೆಯವರು ಬಿಲ್ಲನ್ನು ಹಿಗ್ಗಿಸುತ್ತಾರೆ, ಎರಡನೆಯವರು ಟ್ರಾನ್ಸ್‌ಫಾರ್ಮರನ್ನು ಬಲಿ ಕೊಡುತ್ತಾರೆ. ಪವರ್ ಸಪ್ಲೈಯಲ್ಲಿರುವ ದ್ರವದ ಕಂಡೆನ್ಸರುಗಳನ್ನು ವಯಸ್ಸು ನೋಡಿ ಬದಲಾಯಿಸಿಬಿಡುವುದೇ ಲೇಸು. ವಾಲ್ವಿನ ಯಂತ್ರವಾದರೆ, ಒಂದು ವಾಲ್ವಿನಿಂದ ಇನ್ನೊಂದಕ್ಕೆ ಧ್ವನಿಯನ್ನು ದಾಟಿಸುವ ಕಾಗದದ ಕಂಡೆನ್ಸರುಗಳನ್ನೂ ಅದರ ಜೊತೆಗೆ ತೆಗೆಯಬೇಕು. ಅವು ಸೋರತೊಡಗಿದರೆ ಕೊನೆಯ ವಾಲ್ವು ಕೆಂಪಗೆ ಕಾದು ಸಾಯುತ್ತದೆ. ಅಭ್ರಕದವು, ಪಿಂಗಾಣಿಯವು ಇದ್ದಲ್ಲಿಯೇ ಇರಲಿ. ಹೊಸ ಕಂಡೆನ್ಸರಿನಿಂದ ಯಂತ್ರದ ಹಳೆಯ ನಾದ ಕಳೆದುಹೋಗುತ್ತದೆಂದು ಕೊರಗುವವರೂ ಇದ್ದಾರೆ. ಅವರು ನೆನೆಯುವ ನಾದ ಒಣಗಿದ ಕಂಡೆನ್ಸರಿನದೋ, ಅದು ಹೊಸದಾಗಿದ್ದ ಮೊದಲ ದಿನದ್ದೋ ಎಂದು ವಿಚಾರಿಸಬೇಕಾದೀತು.

ಕೆಲಸ ಮುಗಿದ ಮೇಲೆ ಮತ್ತೆ ಸೀರೀಸ್ ಬೋರ್ಡಿನ ಮೂಲಕವೇ ಮೊದಲ ಪರೀಕ್ಷೆ. ಬಲ್ಬು ಬೆಳಗಿ ಮಂಕಾಗಬೇಕು, ಅರ್ಧ ಗಂಟೆಯಾದರೂ ಹೊಸ ಡಬ್ಬಿಗಳು ಅಂಗೈಗೆ ಬೆಚ್ಚಗಾಗಕೂಡದು. ಮುಟ್ಟಿ ನೋಡುವುದು ಪ್ಲಗ್ಗು ಕಿತ್ತು ವಿದ್ಯುತ್ತನ್ನು ಬರಿದು ಮಾಡಿದ ಬಳಿಕ. ಆಮೇಲೆ ಪೆಟ್ಟಿಗೆಗೆ ಜಾಗ ಹುಡುಕಬೇಕು. ಅಟ್ಟವಂತೂ ಬೇಡ, ಗಾಳಿಯಾಡುವ ನಡುಮನೆಯ ಗೂಡಾದರೆ ಉತ್ತಮ. ಅದರ ಮೇಲೆ ಬಟ್ಟೆ ಮುಚ್ಚುವುದಿದ್ದರೆ ಆರಿಸಿ ತಣ್ಣಗಾದ ಮೇಲೆ ಮುಚ್ಚಬೇಕು. ಒರೆಸುವ ಶುಕ್ರವಾರಗಳಂದು ಒಂದು ಗಂಟೆ ಹಾಡಿಸಿದರೆ ಪೊರೆಗೆ ಬೇಕಾದ ಆರೈಕೆ ಸಿಕ್ಕಿತು. ಮುಚ್ಚಳವನ್ನು ಮತ್ತೆ ತಿರುಪು ಹಾಕಿ ಬಿಗಿಯುವ ಮುನ್ನ ಒಂದು ಚೀಟಿಯ ಮೇಲೆ ಹಾಕಿದ ಕಂಡೆನ್ಸರುಗಳ ಅಳತೆ, ತಿಂಗಳು, ವರ್ಷಗಳನ್ನು ಬರೆದು ಒಳಮೈಗೆ ಅಂಟಿಸಿಡಬೇಕು. ಇನ್ನು ಮೂವತ್ತು ವರ್ಷಕ್ಕೆ ಆ ಮುಚ್ಚಳವನ್ನು ಯಾರು ತೆರೆಯುತ್ತಾರೋ, ಅವರು ಮೊದಲು ಹುಡುಕುವುದು ಅದನ್ನೇ.